ಗುರುಬಾಯಿ ಅಕ್ಕನ ಹೆಸರಿನಲ್ಲಿ ನಾನಾಡಿದ ಮಾತು

ಆ ಜಾಹೀರಾತಿನಲ್ಲಿ ಮಾತಾಡಿದ್ದು ಗುರುಬಾಯಿ ಅಕ್ಕ ಅಲ್ಲ. ನಾನು.

ಶಹಾಪುರ, ಸುರಪುರದ ಓಣಿಗಳಲ್ಲಿ, ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಆಟೊದ ಮೈಕಿನಿಂದ ನೀವು ಕೇಳಿದ "ನಾ ನಿಮ್ಮ ಗುರುಬಾಯಿ, ದಿನಾ ಇದನ್ನೇ ಹಲ್ಲಿಗೆ ತಿಕ್ತೀನಿ" ಎಂಬ ಮಾತು ನನ್ನ ಗಂಟಲಿನಿಂದ ಬಂದದ್ದು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಹೇಳಲೇಬೇಕಾದ ಜಾಗದಲ್ಲಿ ಸುಳ್ಳು ಹೇಳಿದೆ.

ಗುರುಬಾಯಿ ಅಕ್ಕ ನಮ್ಮ ಭಾಗದ ಹೆಸರಾಂತ ಹಾಡುಗಾರ್ತಿ. ಅವರ ಮುಖ ಗುರುತಿಸದ ಹೆಂಗಸು ಈ ಮೂರು ತಾಲೂಕಿನಲ್ಲಿ ಸಿಗಲಾರಳು. ನಾನು ಹತ್ತಿಕುಣಿಯ ಸಿದ್ದಮ್ಮ, ಸಣ್ಣ ವಯಸ್ಸಿನಲ್ಲೇ ಅವರ ಹಿಮ್ಮೇಳಕ್ಕೆ ಸೇರಿದವಳು. ಅವರ ಉಸಿರು ಎಲ್ಲಿ ಮುರಿಯುತ್ತದೆ, ಯಾವ ಅಕ್ಷರದ ಮೇಲೆ ದನಿ ಚೂರು ಒಡೆಯುತ್ತದೆ — ಎಲ್ಲ ನನ್ನೊಳಗೆ ಇಳಿದಿತ್ತು. ಅವರಿಗೆ ಗಂಟಲು ಕಟ್ಟಿದ ದಿನ ಹಿಂದಿನಿಂದ ನಾನೇ ಹಾಡನ್ನು ಎತ್ತಿಕೊಳ್ಳುತ್ತಿದ್ದೆ, ಕೇಳುವವರಿಗೆ ತಿಳಿಯುತ್ತಿರಲಿಲ್ಲ. ಅದರಿಂದ ಹೆಮ್ಮೆಯಾಗುತ್ತಿತ್ತು, ಇನ್ನೊಂದೇನೋ ಕೂಡ… ಅದು ಹೊಟ್ಟೆಕಿಚ್ಚು ಎಂದು ಆಗ ಒಪ್ಪುತ್ತಿರಲಿಲ್ಲ.

ಅಕ್ಕನ ತಂಗಿಗೆ ಮಿಶ್ರಿಯ ಚಟ — ಸುಟ್ಟ ತಂಬಾಕಿನ ಪುಡಿಯನ್ನು ಹಲ್ಲಿಗೆ ತಿಕ್ಕುವ ಚಟ. ಬಾಯಿ ಕ್ಯಾನ್ಸರ್ ಆಗಿ ತೀರಿಕೊಂಡಳು. ಅದಾದ ಮೇಲೆ ಪ್ರತಿ ಕಾರ್ಯಕ್ರಮದಲ್ಲೂ ಅಕ್ಕ ಹೆಂಗಸರಿಗೆ ಕೈಮುಗಿದು, ಅದನ್ನು ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತಿದ್ದರು. ಎಷ್ಟೋ ಮಂದಿ ಬಿಟ್ಟರು. ಅಂಥ ಅಕ್ಕನ ಮನೆಗೇ ಮಿಶ್ರಿ ಕಂಪನಿಯವನೊಬ್ಬ ಬಂದು, ಪ್ಯಾಕೆಟ್ಟಿಗೆ ಅವರ ಫೋಟೊ, ಪ್ರಚಾರಕ್ಕೆ ಅವರ ದನಿ ಬೇಕೆಂದ. ಅಕ್ಕ ಚಹಾ ಕುಡಿಸಿದರು, ಆಗುವುದಿಲ್ಲ ಎಂದು ಕಳಿಸಿದರು.

ಅವನು ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತ ನನ್ನನ್ನು ಕೇಳಿದ: "ನೀವೂ ಥೇಟ್ ಹಂಗ ಮಾತಾಡ್ತೀರಂತಲ್ರಿ?"

ಮರುವಾರ ಯಾದಗಿರಿಯ ಒಂದು ರೆಕಾರ್ಡಿಂಗ್ ಕೋಣೆಯಲ್ಲಿ ಕೂತಿದ್ದೆ. ದುಡ್ಡು ಕೊಟ್ಟರು, ತೆಗೆದುಕೊಂಡೆ. ಆದರೆ ನನ್ನನ್ನು ಎಳೆದದ್ದು ಬೇರೆ — ಮೈಕಿನ ಎದುರು ನಾನೊಬ್ಬಳೇ, ನನ್ನ ಮುಂದೆ ಯಾರೂ ಇಲ್ಲ…

ಆಟೊ ತಿರುಗಿತು. ಪ್ಯಾಕೆಟ್ಟಿನ ಮೇಲೆ ಅಕ್ಕನ ಮುಖ ಬಂತು. ಬಳಿಚಕ್ರ ಊರಿನ ಕಾರ್ಯಕ್ರಮದಲ್ಲಿ ಮುದುಕಿಯೊಬ್ಬಳು ಎದ್ದು ನಿಂತಳು. "ನಮಗ ಬಿಡ್ರಿ ಅಂತೀರಿ, ನೀವು ತಿಕ್ಕಾಕತ್ತೀರಿ. ಯಾವ ಮಾತು ನಂಬಬೇಕ್ರಿ ತಾಯಿ?" ಅಕ್ಕ ಹಾಡನ್ನು ಅರ್ಧಕ್ಕೆ ಬಿಟ್ಟು ಕೆಳಗಿಳಿದರು.

ಅಕ್ಕ ಸುರಪುರದ ವಕೀಲರೊಬ್ಬರ ಹತ್ತಿರ ಹೋದರು. ಅವರು ಧೈರ್ಯ ಹೇಳಿದರು. ಹೆಸರಾದವರ ಹೆಸರು, ಮುಖ, ದನಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಲು ಮಾರಲು ಬಳಸುವಂತಿಲ್ಲ ಎಂದು ಕಂಪನಿಗೆ ನೋಟಿಸ್ ಕಳಿಸಿದರು. ಅಲ್ಲಿಂದ ಉತ್ತರ ಬಂತು: ಒಪ್ಪಿಗೆ ಇದೆ, ಆಕೆ ತನ್ನ ಬಾಯಿಂದಲೇ ಹೇಳಿದ್ದಾಳೆ, ಬೇಕಾದರೆ ಕೇಳಿ ನೋಡಿ.

ವಕೀಲರು ನನ್ನನ್ನು ಕರೆಸಿ ಮೊಬೈಲಿನಲ್ಲಿ ಅದನ್ನು ಹಾಕಿದರು. ಅಕ್ಕ ಪಕ್ಕದಲ್ಲೇ ಕೂತಿದ್ದರು.

"ಇಷ್ಟು ವರ್ಷ ಅವರ ಹಿಂದ ಹಾಡೀರಿ. ನಿಮಗ ಗುರ್ತ ಇರ್ತದ. ಇದು ಅವರ ದನಿ ಏನ್ರಿ?"

ಅಲ್ಲ ಎಂದರೆ, ಮತ್ತೆ ಯಾರದು ಎಂಬ ಪ್ರಶ್ನೆ ಬರುತ್ತಿತ್ತು.

"ಹೌದ್ರಿ," ಎಂದೆ. "ಅಕ್ಕನ ದನಿ."

ವಕೀಲರು ಮೊಬೈಲನ್ನು ಮಗುಚಿ ಇಟ್ಟರು. ಅಕ್ಕ ನನ್ನನ್ನು ನೋಡಿದರು — ಸಿಟ್ಟಿನಿಂದಲ್ಲ, ಏನೋ ನೆನಪಿಸಿಕೊಳ್ಳುವವರ ಹಾಗೆ. ಕೇಸು ಮುಂದೆ ಹೋಗಲಿಲ್ಲ. ಅಕ್ಕ ಹಾಡುವುದನ್ನೇ ನಿಲ್ಲಿಸಿದರು. ನಾನೂ ಶಹಾಪುರದಲ್ಲಿ ಮನೆ ಮಾಡಿ ಅವರಿಂದ ದೂರ ಉಳಿದೆ.

ಮೊನ್ನೆ ನಮ್ಮ ಓಣಿಯ ಶಹೀನಾಬಿಯನ್ನು ನೋಡಲು ಹೋಗಿದ್ದೆ. ಅವಳ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಹಿಂದೆ ಅಕ್ಕನ ಮಾತಿಗೆ ಮಿಶ್ರಿ ಬಿಟ್ಟಿದ್ದವಳು. "ಮತ್ಯಾಕ ಹಚ್ಚಿದಿ?" ಎಂದೆ. "ಗುರುಬಾಯೇ ತಿಕ್ತಾಳಂತ, ನನಗೇನಾಗ್ತದ ಅಂದೆ," ಎಂದಳು, ಹಲ್ಲಿನ ಸಂದಿಯಿಂದ.

ಅಲ್ಲಿಂದ ಎದ್ದವಳು ನೇರ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅಕ್ಕ, "ಒಮ್ಮೆ ಅನ್ನು ಆ ಮಾತು," ಎಂದರು. ಬೇಡವೆಂದು ಬೇಡಿಕೊಂಡೆ. ಬಿಡಲಿಲ್ಲ. ಅಂದೆ — ಅವರ ದನಿಯಲ್ಲಿ, ಅವರ ಎದುರಿಗೇ.

ಅಕ್ಕ ಕಣ್ಣು ಮುಚ್ಚಿ ಕೇಳಿದರು. "ಅವತ್ತು ನೀ ಹೌದಂದ ಮ್ಯಾಲ ನನಗ ನನ್ನ ಮ್ಯಾಲೇ ಅನುಮಾನ ಬಂತು, ಸಿದ್ದಮ್ಮ. ಎಲ್ಲೋ ಯಾವಾಗೋ ಅಂದು ಮರ್ತೀನೇನೋ ಅಂತ. ತಲಿ ಕೆಟ್ಟದೇನೋ ಅಂತ." ಸೆರಗಿನಿಂದ ಮುಖ ಒರೆಸಿಕೊಂಡರು. "ಇನ್ನ ಹೋಗು."

ನಾನು ಕಸಿದದ್ದು ಅವರ ಹೆಸರು, ದನಿ ಮಾತ್ರ ಎಂದುಕೊಂಡಿದ್ದೆ…

ವಕೀಲರ ಮುಂದೆ ನಿಜ ಬರೆಸಿ ಸಹಿ ಮಾಡಿದ್ದೇನೆ. ನಿಮ್ಮ ಮೇಲೂ ಕೇಸು ಬರುತ್ತದೆ ಎಂದರು. ತಪ್ಪಿಸಿಕೊಳ್ಳುವುದಿಲ್ಲ. ಅಕ್ಕ ಕ್ಷಮಿಸಿಲ್ಲ, ನಾನು ಕೇಳಿಯೂ ಇಲ್ಲ.

ಶಹೀನಾಬಿಯನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದಿದ್ದಾರೆ. ಅವಳಿಗೆ ಇನ್ನೂ ಹೇಳಿಲ್ಲ. ವಾಪಸು ಬರುವವರೆಗೆ ಕಾಯೋಣ ಎಂದುಕೊಂಡಿದ್ದೆ — ಬಾರದಿದ್ದರೆ? ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.