ಅರ್ಥಿಂಗಿಗೆ ನೀರು ಹಾಕಿಸಿದ ಮಲ್ಲೇಶಿ ಕಾಕಾ

ಮಲ್ಲೇಶಿ ಕಾಕಾ ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಸ್ವಿಚ್ ಇರಲಿ, ಕಂಪ್ಯೂಟರ್ ಇರಲಿ, ಕಾಲಲ್ಲಿ ರಬ್ಬರ್ ಚಪ್ಪಲಿ ಇದೆಯೇ ಎಂದು ನೋಡಿಕೊಂಡು, ಶಾಕ್ ಹೊಡೆದರೆ ಕೈ ಹಿಡಿದುಕೊಳ್ಳದಿರಲಿ ಎಂದು ಬೆರಳುಗಳ ಹಿಂಬದಿಯನ್ನು ಹಗುರವಾಗಿ ತಾಗಿಸುತ್ತಿದ್ದ. ಆ ರೂಢಿ ಎಷ್ಟು ಮೈಗೂಡಿತ್ತೆಂದರೆ ಚಹಾದ ಕಪ್ಪನ್ನೂ, ಅಳುವ ಕೂಸಿನ ಕೆನ್ನೆಯನ್ನೂ ಹಾಗೇ ಮುಟ್ಟುತ್ತಿದ್ದ. "ಟೆಸ್ಟರ್ ಸುಳ್ಳು ಹೇಳತದ್ರಿ ಮಾಸ್ತರ, ಕೈ ಹೇಳಂಗಿಲ್ಲ" ಎಂದು ನನಗೆ ಹೇಳುತ್ತಿದ್ದ.

ಕಾಲುವೆ ಬಂದ ಮೇಲೆ ಸುರಪುರದ ಸುತ್ತ ಪಂಪ್‌ಸೆಟ್ಟುಗಳು ಹೆಚ್ಚಿದವು. ಅವುಗಳ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟಿ ಹೆಸರಾದವನು ಕಾಕಾ. ನಾನು ಕಂಪ್ಯೂಟರ್ ಕ್ಲಾಸ್ ತೆರೆದಾಗ ರಿಪೇರಿಗೆ ಊರಲ್ಲಿ ಬೇರೆ ಯಾರೂ ಇರಲಿಲ್ಲ. ಮೊದಲ ಸಲ ಬಂದವನೇ ಸಿಪಿಯು ಡಬ್ಬಿಯ ಸುತ್ತ ಒಂದು ಸುತ್ತು ಹಾಕಿ, ಇದು ಎಷ್ಟು ಎಚ್‌ಪಿ ಎಂದು ಕೇಳಿದ.

ಬೇಸಿಗೆಯಲ್ಲಿ ಕಾಲುವೆ ಬಂದ್ ಆಯಿತು. ಕೆಲ ದಿನಗಳಲ್ಲೇ ಕಂಪ್ಯೂಟರ್ ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತು. ಕಲಿಯಲು ಬರುತ್ತಿದ್ದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಒಬ್ಬಳು ಕಿಟಾರನೆ ಕಿರುಚಿದ್ದೇ ತಡ, ಸುದ್ದಿ ದೇವಾಪುರದ ತನಕ ಹೋಗಿ ಅಪ್ಪಂದಿರು ಬಂದು ಮಕ್ಕಳನ್ನು ಬಿಡಿಸಿಕೊಂಡು ಹೋದರು. ನನ್ನ ಹೊಟ್ಟೆಪಾಡಿನ ಕ್ಲಾಸು ಮುಚ್ಚುವ ಹಂತಕ್ಕೆ ಬಂತು.

ಕಾಕಾ ಮೊದಲು ಪಕ್ಕದ ಹಿಟ್ಟಿನ ಗಿರಣಿಯನ್ನು ಬೈದ, ಆಮೇಲೆ ಇಲಿಗಳನ್ನು. ಪವರ್ ಸಪ್ಲೈ ಬದಲಿಸಿದ, ವೈರಿಂಗ್ ಕಿತ್ತು ಮತ್ತೆ ಹಾಕಿದ. ಜುಮ್ಮು ಹೋಗಲಿಲ್ಲ. ಕಡೆಗೆ ಬೀಡಿ ಸೇದಲು ಹಿತ್ತಲಿಗೆ ಹೋದವನು ಅಲ್ಲಿಂದಲೇ ಕೂಗಿ ಕರೆದ. ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ಥಿಂಗ್ ಪೈಪಿನ ಸುತ್ತ ಎರೆಮಣ್ಣು ಒಣಗಿ, ಕೈ ಹೋಗುವಷ್ಟು ಬಿರಿದಿತ್ತು. ಕಾಲುವೆ ತುಂಬಿ ಹರಿಯುವಾಗ, ನೆಲ ಹಸಿ ಇದೆ ಇಷ್ಟು ಸಾಕು ಎಂದು ಆ ಪೈಪನ್ನು ಹೂತವನು ಕಾಕಾನೇ. ಬೀಡಿ ಎಸೆದು ಪೈಪಿನ ಸುತ್ತ ತಾನೇ ಗುಂಡಿ ತೋಡಿದ. ಗುಂಡಿಗೆ ಉಪ್ಪು, ಇದ್ದಿಲು ತುಂಬಿ, ದಿನಾ ಒಂದು ಕೊಡ ನೀರು ಹಾಕುವಂತೆ ನನ್ನ ಅವ್ವನಿಗೆ ಹೇಳಿದ. "ಹುಡುಗ್ಯಾರ ಜೀವ ಈ ಪೈಪಿನ ಕೈಯಾಗ ಅದ ನೋಡವ್ವ" ಎಂದ.

ಅವ್ವನಿಗೆ ಅಷ್ಟು ಸಾಕಾಯಿತು. ಮರುದಿನ ಪೈಪಿಗೆ ವಿಭೂತಿ, ಕುಂಕುಮ, ಮೇಲೊಂದು ಹೂವು. ವಾರದೊಳಗೆ ಓಣಿಯ ಹೆಂಗಸರೂ ತಂಬಿಗೆ ಹಿಡಿದು ಬಂದರು. ಕಾಕಾ ಮಣ್ಣು ಕೆದಕಿ ನೋಡಲು ಹೋದರೆ ಅವ್ವ ಅವನ ಚಪ್ಪಲಿ ಬಿಡಿಸುತ್ತಿದ್ದಳು. ತಾನೇ ಹೂತ ಪೈಪಿಗೆ ತಾನೇ ಮಡಿಯಿಂದ ನಡೆದುಕೊಳ್ಳಬೇಕಾಯಿತಲ್ಲ ಎಂದು ಅವನು ಗೊಣಗುತ್ತಿದ್ದ.

ಕಂಪ್ಯೂಟರಿನ ಜುಮ್ಮು ಹೋಯಿತು, ಆದರೆ ಅಪ್ಪಂದಿರು ನಂಬಬೇಕಲ್ಲ? ಕಾಕಾ ತಾನೇ ಅವರನ್ನೆಲ್ಲ ಕರೆಸಿದ. ಅವರ ಮುಂದೆ ನೆಲಕ್ಕೆ ನೀರು ಚೆಲ್ಲಿ, ಬರಿಗಾಲಲ್ಲಿ ನಿಂತು, ಚಾಲೂ ಇದ್ದ ಕಂಪ್ಯೂಟರಿನ ತಗಡಿನ ಮೇಲೆ ಇಡೀ ಅಂಗೈ ಊರಿದ. ಹಾಗೇ ನಿಂತು ಚಹಾ ಕುಡಿದ, ಭತ್ತದ ರೇಟಿನ ಬಗ್ಗೆ ವಿಚಾರಿಸಿದ.

"ನಾ ಸತ್ತೀನೇನ್ರಿ?" ಎಂದು ಕೊನೆಗೆ ಕೇಳಿದ.

ಇಲ್ಲವೆಂದು ಎಲ್ಲರೂ ಒಪ್ಪಿದರು. ಮರುದಿನದಿಂದ ಹುಡುಗಿಯರು ಬಂದರು, ಕ್ಲಾಸು ಉಳಿಯಿತು. ಆ ಉಪಕಾರವನ್ನು ನಾನು ಮರೆತಿಲ್ಲ.

ಎಷ್ಟೋ ವರ್ಷಗಳ ಮೇಲೆ ಕಾಕಾ ತೀರಿಕೊಂಡಾಗ ಅವನ ಹೆಂಡತಿ ಶಾಂತಮ್ಮ ಕಾಕುವನ್ನು ಮಾತಾಡಿಸಿ ಬರಲು ಹೋಗಿದ್ದೆ. ಅಪ್ಪಂದಿರ ಮುಂದೆ ಅವನು ಅಂಗೈ ಊರಿ ನಿಂತ ದಿನದ ಸಂಗತಿ ತೆಗೆದು, ತನ್ನ ಕೆಲಸದ ಮೇಲೆ ಕಾಕಾನಿಗೆ ಎಂಥ ನಂಬಿಕೆ ಇತ್ತು ಎಂದೆ. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಎಲ್ಲಿ ನಂಬಿಗಿರಿ ಮಾಸ್ತರ. ಅವತ್ತು ಮನಿ ಬಿಡೂ ಮುಂದ, ‘ಸಂಜೀಕ ನಾ ಬರಲಿಲ್ಲಂದ್ರ ಎಮ್ಮಿ ನೀನ ಹಿಂಡ್ಕೊ’ ಅಂತ ಹೇಳಿ ಹೋಗಿದ್ರು."