ಜಾಜಿಯ ಸಾಲು

ನಂಜನಗೂಡಿನಲ್ಲಿ ಹೂ ಕಟ್ಟಿ ಮಾರುತ್ತಿದ್ದ ಕೆಂಪಾಜಮ್ಮನನ್ನು ಜಗಳಗಂಟಿ ಎನ್ನುವವರಿದ್ದಾರೆ. ಎಲುಬಿಲ್ಲದ ನಾಲಿಗೆ ಏನು ಬೇಕಾದರೂ ಆಡುತ್ತದೆ. ಪಕ್ಕದ ಮನೆಯ ಮೇಷ್ಟ್ರಾಗಿದ್ದ ನಾನು ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

೧೯೧೧ರ ಶ್ರಾವಣದಲ್ಲಿ ತಿರುಮಕೂಡಲು ನರಸೀಪುರದಲ್ಲಿ ಹೂವಿನ ಪ್ರದರ್ಶನ ನಡೆಯಿತು. ಮಲ್ಲಿಗೆ ಜಾತಿಗೆಲ್ಲ ಸೇರಿ ಒಂದೇ ಬಹುಮಾನ. ತೀರ್ಪುಗಾರ ಬೆಳಗ್ಗೆ ಹತ್ತಕ್ಕೆ ಬಂದು, ಅಡಿಕೋಲು ಹಿಡಿದು ಹೂಗಳನ್ನು ಅಳೆದ. ಕೆಂಪಾಜಮ್ಮ ಕುಂಡದಲ್ಲಿ ಬೆಳೆಸಿದ್ದ ಜಾಜಿ ಅರಳುವುದು ಸಂಜೆಗೆ, ಆಗಿನ್ನೂ ಮೊಗ್ಗು. ಬಹುಮಾನ ಏಳುಸುತ್ತಿನ ಮಲ್ಲಿಗೆಗೆ ಹೋಯಿತು.

“ಊವ ಅಳೀತಿದ್ದೀರೋ, ಅಂಗಿ ಬಟ್ಟೆ ಅಳೀತಿದ್ದೀರೋ ಸಾ?” ಎಂದಳು ಕೆಂಪಾಜಮ್ಮ. “ವಾಸ್ನೆ ನೋಡ್ದೆ ಮಲ್ಲಿಗೆಗೆ ಬೌಮಾನ ಕೊಡೋರ್ನ ಇವತ್ತೇ ಕಂಡಿದ್ದು!”

ಜನ ನಕ್ಕರು. ನನಗೆ ಮೈ ಉರಿಯಿತು. ಜಾಜಿಗೆ ಬೇರೆ ಸಾಲು, ಬೇರೆ ಬಹುಮಾನ ಬೇಕು, ಅದರ ತೀರ್ಪು ಸಂಜೆ ಆಗಬೇಕು ಎಂದು ಅರ್ಜಿ ಬರೆದುಕೊಟ್ಟೆ. ಮೂರು ವರ್ಷ ಅಲೆದಾಡಿಸಿ ಕೊನೆಗೆ ಒಪ್ಪಿದರು. ಆದರೆ ಅವಳ ಬಾಯಿ ಮುಚ್ಚಿಸಲು ಅವಳನ್ನೇ ಆ ಸಾಲಿನ ತೀರ್ಪಿಗೆ ಕೂರಿಸಿದರು. ತೀರ್ಪು ಕೊಡುವವರು ಗಿಡ ಇಡುವಂತಿಲ್ಲವಂತೆ! ಮಗುವಿನಂತೆ ಸಾಕಿದ ಜಾಜಿಯನ್ನು ಮನೆಯಲ್ಲೇ ಬಿಟ್ಟು ಬಂದಳು.

ಆ ಸಂಜೆ ಜಾಜಿಯ ಸಾಲಿಗೆ ಬಂದದ್ದು ಒಂದೇ ಕುಂಡ, ಕಂದಾಯ ವಸೂಲಿಯ ಅಧಿಕಾರಿ ಶೇಕದಾರ ಶಿವಸ್ವಾಮಿಯದು. ಎಲೆಗಿಂತ ಹೂವೇ ಹೆಚ್ಚು. ಕೆಂಪಾಜಮ್ಮ ಒಂದು ಗೊಂಚಲು ಎತ್ತಿ ನೋಡಿದಳು. ತೊಟ್ಟಿನ ಬುಡದಲ್ಲಿ ಬಾಳೆನಾರಿನ ಗಂಟು. ಸಂತೆಯ ಹೂ ತಂದು ಕೊಂಬೆಗೆ ಕಟ್ಟಿದ್ದರು. ದಿನಬೆಳಗಾದರೆ ಹೂ ಕಟ್ಟುವವಳ ಕಣ್ಣಿಗೇ ಮಣ್ಣೆರಚಲು ಹೊರಟಿದ್ದರು!

“ಇದ್ಕೆ ಬೌಮಾನ ಇಲ್ಲ ಸಾ,” ಎಂದಳು.

ಪ್ರದರ್ಶನದ ಕಾರ್ಯದರ್ಶಿ ನರಸಿಂಹಯ್ಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಯೋಚನೆ ಮಾಡಮ್ಮ. ಈ ವರ್ಷ ಕೊಡದಿದ್ರೆ ಮುಂದಿನ ವರ್ಷ ಜಾಜಿಯ ಸಾಲೇ ಇರೋಲ್ಲ. ಸಣ್ಣ ಹೂವು ತಾನೇ, ಯಾರು ನೋಡ್ತಾರೆ?”

ಅವಳ ಮುಖ ಕೆಂಪಾಯಿತು. “ನಾ ನೋಡ್ತೀನಿ ಸಾ. ದೊಡ್ಡ ಊವಿನ ತಪ್ಪು ಇಡಿಯೋ ಅಂಗೆ ಸಣ್ಣ ಊವಿನ ತಪ್ಪೂ ಇಡೀಬೇಕು. ಅದ್ಕೂ ಅಷ್ಟು ಮರ್ವಾದೆ ಬ್ಯಾಡ್ವಾ?”

ಮುಂದಿನ ಶ್ರಾವಣಕ್ಕೆ ಜಾಜಿಯ ಸಾಲನ್ನು ತೆಗೆದುಹಾಕಿದರು. ‘ಯೋಗ್ಯ ಗಿಡಗಳು ಬರಲಿಲ್ಲ’ ಎಂದು ಕಾರಣ ಬರೆದರು. ಯೋಗ್ಯವಾದ ಗಿಡ ನಂಜನಗೂಡಿನಲ್ಲಿ ಅವಳ ಹಿತ್ತಲಲ್ಲಿ ಅರಳಿ ನಿಂತಿತ್ತು. ಅದನ್ನು ತರಬೇಡ ಎಂದವರು ಅವರೇ.