ಕ್ರೇನಮ್ಮ ರೋಟರ್ ಇಳಿಸಿದ ಬೆಳಗು

ಅವಳು ತೀರಿಹೋಗಿ ಇನ್ನೂ ತಿಂಗಳಾಗಿಲ್ಲ. ವಿದ್ಯುದಾಗಾರದ ಬಾಗಿಲು ದಾಟುತ್ತಲೇ ನನ್ನ ಕತ್ತು ತಾನಾಗಿ ಮೇಲಕ್ಕೆ ಹೊರಳುತ್ತದೆ. ಚಾವಣಿಯ ಕೆಳಗೆ ಹಳಿಗಳ ಮೇಲೆ ಓಡುವ ದೊಡ್ಡ ಕ್ರೇನು, ಅದರ ಗಾಜಿನ ಗೂಡು, ಅದರಲ್ಲಿ ಈಗ ಬೇರೆ ಯಾರದೋ ಮುಖ.

ಎಲ್ಲರಿಗೂ ಅವಳು ಕ್ರೇನಮ್ಮ. ಕೆಳಗೆ ನಿಂತು ಅವಳಿಗೆ ಕೈಸನ್ನೆ ಮಾಡುವುದು ನನ್ನ ಕೆಲಸವಾಗಿತ್ತು. ಗಾಜಿನಾಚೆ ಮಾತು ಕೇಳದು. ನಮ್ಮ ಸ್ನೇಹ ಬೆಳೆದದ್ದು ಬೆರಳುಗಳಲ್ಲೇ. ಸೊಸೆ ಮುನಿಸಿಕೊಂಡಿದ್ದಾಳೆ ಎಂಬುದನ್ನೂ ಅವಳು ಸನ್ನೆಯಲ್ಲೇ ಹೇಳಿ ನಗಿಸುತ್ತಿದ್ದಳು.

ಒಂದು ವರ್ಷ ಜಲಾಶಯ ತುಂಬಿ ತುಳುಕುತ್ತಿದ್ದಾಗ ನಮ್ಮ ದೊಡ್ಡ ಯಂತ್ರ ರಿಪೇರಿಗೆ ಬಿಚ್ಚಿಸಿಕೊಂಡು ಕೂತಿತ್ತು. ಕರೆಂಟಾಗಬೇಕಿದ್ದ ನೀರು ಗೇಟು ಹಾರಿ ದಂಡವಾಗುತ್ತಿತ್ತು. ರಿಪೇರಿಯಾದ ರೋಟರನ್ನು, ಅಂದರೆ ಜನರೇಟರಿನೊಳಗೆ ತಿರುಗುವ ಮನೆಗಾತ್ರದ ಉಕ್ಕಿನ ಚಕ್ರವನ್ನು, ಮತ್ತೆ ಅದರ ಗುಂಡಿಗೆ ಇಳಿಸಬೇಕಿತ್ತು. ಸುತ್ತ ಬೆರಳು ತೂರುವಷ್ಟೇ ಸಂದು. ತಾಗಿದರೆ ಗುಂಡಿಯ ಗೋಡೆಯ ತಂತಿಸುರುಳಿಗಳೆಲ್ಲ ಹಾಳು.

ಕ್ರೇನಮ್ಮನ ಮುರಿದ ಮಣಿಕಟ್ಟಿನ ಬ್ಯಾಂಡೇಜು ಆಗಷ್ಟೇ ಬಿಚ್ಚಿತ್ತು. ಸೂಪರಿಂಟೆಂಡೆಂಟರಿಗೆ ಅದೇ ಭಯ.

"ಹೊರಗಿಂದ ಆಪರೇಟರನ್ನ ಕರೆಸ್ತೀನಮ್ಮಾ. ಆ ಕೈ ನಡುಗಿಬಿಟ್ರೆ?"

"ಈ ಕ್ರೇನಿನ ಸೊಕ್ಕು ನಂಗೊಬ್ಬಳಿಗೇ ಗೊತ್ತು ಸಾರ್. ಬಂದೋರು ಅದನ್ನ ಮಾತಾಡಿಸಿ ಪಳಗಿಸೋ ಹೊತ್ತಿಗೆ ನಿಮ್ಮ ನೀರೆಲ್ಲ ಸಮುದ್ರ ಸೇರಿರತ್ತೆ. ನಾನೇ ಇಳಿಸ್ತೀನಿ. ತಾಗಿತೋ, ಅವತ್ತೇ ಕ್ರೇನ್ ಇಳೀತೀನಿ. ಮತ್ತೆ ಹತ್ತೋದಿಲ್ಲ."

ಅವರು ಒಪ್ಪಿದರು.

ರೋಟರ್ ಇಳಿಸುವಾಗ ಗುಂಡಿಯ ಸುತ್ತ ಜನ ನಿಲ್ಲುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಸಂದಿಗೆ ಅಳೆದು ಹೆರೆದ ತೆಳ್ಳನೆಯ ಮರದ ಪಟ್ಟಿ. ಸಂದಿನೊಳಗೆ ಅದನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಸಿಕ್ಕಿಕೊಂಡರೆ ಆ ಬದಿಗೆ ಚಕ್ರ ವಾಲಿದೆ ಎಂದು ಅರ್ಥ, ಕೂಡಲೇ ಕೂಗಬೇಕು. ಆ ಸಾಲಿನಲ್ಲಿ ಕ್ರೇನಮ್ಮನ ಅಳಿಯನೂ ಇದ್ದ, ನಮ್ಮಲ್ಲೇ ಫಿಟ್ಟರು.

ಚಕ್ರ ಅರ್ಧ ಇಳಿದಿತ್ತು.

"ಸಿಕ್ತು! ನಂದು ಸಿಕ್ತು!" ಅಳಿಯ ಅರಚಿದ.

ನಾನು ಮುಷ್ಟಿ ಬಿಗಿದು ಎತ್ತಿದೆ. ಚಕ್ರ ಇದ್ದಲ್ಲೇ ನಿಂತಿತು. "ಆ ಕೈ ನಂಬಬಾರದಿತ್ತು" ಎಂದು ಹಿಂದಿನಿಂದ ಯಾರೋ ಗೊಣಗಿದರು. ಗೂಡಿನೊಳಗಿದ್ದವಳಿಗೆ ಕಾಣುತ್ತಿದ್ದದ್ದು ನನ್ನ ಮುಷ್ಟಿಯೊಂದೇ. ಎಲ್ಲ ಮುಗಿಯಿತೆಂದೇ ಅವಳು ತಿಳಿದಿರಬೇಕು. ಆದರೂ ಆ ಭಾರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಸೂಪರಿಂಟೆಂಡೆಂಟರು ಬಗ್ಗಿ ಅಳಿಯನ ಪಟ್ಟಿಯನ್ನು ಹಿರಿದು ತೆಗೆದರು. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಏನಯ್ಯಾ ಇದು?"

"ವಾರ್ನಿಷ್ ಸಾರ್." ಅಳಿಯ ತಲೆ ಕೆರೆದುಕೊಂಡ. "ಅತ್ತೆಯ ದೊಡ್ಡ ದಿನ, ನನ್ನ ಪಟ್ಟಿ ಚೆಂದ ಕಾಣ್ಲಿ ಅಂತ... ಎರಡು ಕೋಟು ಜಾಸ್ತೀನೇ ಹೊಡೆದೆ."

ಪಕ್ಕದವನ ಬರಿಯ ಪಟ್ಟಿಯನ್ನು ಅದೇ ಜಾಗಕ್ಕೆ ಬಿಟ್ಟರು. ಸರಾಗವಾಗಿ ಹೋಗಿ ಬಂತು. ಚಕ್ರ ನೆಟ್ಟಗೇ ಇತ್ತು. ಬಣ್ಣ ದಪ್ಪವಾಗಿತ್ತು, ಅಷ್ಟೆ.

"ಪಟ್ಟಿಗಿಂತ ನಿನ್ನ ತಲೇನೇ ದಪ್ಪ ಕಣೋ!" ಎಂದ ಪಕ್ಕದವನು. ಗುಂಡಿಯ ಸುತ್ತ ನಗೆ ಒಡೆಯಿತು.

ನಾನು ಮುಷ್ಟಿ ಬಿಚ್ಚಿ ಅಂಗೈ ಕೆಳಗೆ ಮಾಡಿದೆ. ಚಕ್ರ ಮತ್ತೆ ಇಳಿಯಿತು, ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕಿದಷ್ಟು ಮೆಲ್ಲಗೆ. ಕೂತಾಗ ಸದ್ದೇ ಆಗಲಿಲ್ಲ. ಅವಳು ಏಣಿ ಇಳಿದು ಬಂದಾಗ ಸೂಪರಿಂಟೆಂಡೆಂಟರೇ ಮೊದಲು ಚಪ್ಪಾಳೆ ತಟ್ಟಿದರು. ಪಕ್ಕದವನು ಅವಳಿಗೆ ವಾರ್ನಿಷ್ಷಿನ ಕಥೆ ಹೇಳಿದ್ದೇ ಅಳಿಯ ಕಂಬದ ಮರೆಗೆ ಸರಿದ.

"ಬಾರಪ್ಪಾ ಅಳಿಯಂದ್ರೇ," ಎಂದಳು, ಕಣ್ಣು ಒರೆಸಿಕೊಳ್ಳುತ್ತ. "ಮನೆ ಬಾಗಿಲಿಗೆ ಬಣ್ಣ ಹೊಡಿ ಅಂದ್ರೆ ವರ್ಷಗಟ್ಟಲೆ ಕೈಗೆ ಸಿಗಲ್ಲ, ಇಲ್ಲಿ ಕೋಟಿನ ಮೇಲೆ ಕೋಟು!"

ಅದೇ ವಾರ ಯಂತ್ರ ತಿರುಗಿತು. ಕಾಲಡಿಯ ನೆಲ ಗುಂಯ್ಗುಟ್ಟಿತು, ಮೇಲೆ ಒಂದೊಂದಾಗಿ ಗೇಟುಗಳು ಮುಚ್ಚಿದವು, ದಂಡವಾಗುತ್ತಿದ್ದ ನೀರೆಲ್ಲ ಕೆಲಸಕ್ಕೆ ಬಂತು. ಕಟ್ಟೆಯ ಮೇಲೆ ನಿಂತು ನಾವೆಲ್ಲ ಗಂಟಲು ಕಟ್ಟುವಷ್ಟು ಕೂಗಿದೆವು.

ಆಮೇಲೆ ಉಳಿದ ಯಂತ್ರಗಳ ಸರದಿ ಬಂದಾಗಲೂ ಹೊರಗಿನವರ ಮಾತೇ ಏಳಲಿಲ್ಲ. ನಿವೃತ್ತಿಯವರೆಗೆ ಪ್ರತಿ ರೋಟರನ್ನೂ ಅವಳೇ ಇಳಿಸಿದಳು. ಒಂದೂ ತಾಗಲಿಲ್ಲ.